ಕೈ ಎತ್ತಿದವಳು

ಆರು ದೇಶಗಳು ಸೇರಿ ಒಕ್ಕೂಟ ಕಟ್ಟಿಕೊಂಡಾಗ ಊರಿಗೆ ಊರೇ ಕುಣಿದಿತ್ತು. ಒಂದೇ ನಾಣ್ಯ, ಗಡಿಯಲ್ಲಿ ಗೇಟಿಲ್ಲ, ಲಾರಿಗಳಿಗೆ ತಡೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಕರಾರೂ ಅದರಲ್ಲಿತ್ತು. ಕುಣಿಯುವ ಭರದಲ್ಲಿ ಯಾರೂ ಅದನ್ನು ಓದಿರಲಿಲ್ಲ. ಹಾಸಿಗೆಯ ಅಳತೆ ಹೇಳುವವರು ಎಲ್ಲೋ ದೂರದ ಕಚೇರಿಯಲ್ಲಿದ್ದರು.

ಅಲ್ಲಿಂದ ಬಂದ ಅಧಿಕಾರಿ ಈಗ ಪುರಸಭೆಯ ಮೇಜಿನ ಮುಂದೆ ಕೂತಿದ್ದ. ಬಲು ಸಭ್ಯ ಮನುಷ್ಯ. "ನಿಮ್ಮ ಖರ್ಚು ಮಿತಿ ಮೀರಿದೆ. ಪ್ರೌಢಶಾಲೆ, ಇಲ್ಲಾಂದ್ರೆ ಆಸ್ಪತ್ರೆಯ ಡಯಾಲಿಸಿಸ್ ಕೋಣೆ, ಎರಡರಲ್ಲಿ ಒಂದು ಮುಚ್ಚಬೇಕು. ಯಾವುದು ಅನ್ನೋದು ನಿಮಗೇ ಬಿಟ್ಟಿದ್ದು. ಜನ ಆರಿಸಿದವರು ನೀವು, ನಾವು ತಲೆ ಹಾಕಲ್ಲ."

ಕತ್ತಿ ಅವರದು, ಕೊಯ್ಯುವ ಕೈ ಮಾತ್ರ ನಮ್ಮದಾಗಬೇಕಂತೆ! ಸದಸ್ಯೆಯಾಗಿದ್ದ ದರ್ಜಿ ಅಕ್ಕನಿಗೆ ಮೈಯೆಲ್ಲ ಉರಿಯಿತು.

"ಕೋಣೆ ಮುಚ್ಚಿದ್ರೆ ಅಲ್ಲಿಗೆ ಬರೋ ರೋಗಿಗಳು ಎಲ್ಲಿಗೆ ಹೋಗ್ಬೇಕು?"

"ಪಕ್ಕದ ದೇಶದ ಆಸ್ಪತ್ರೆಗೆ. ಒಕ್ಕೂಟದ ಕಾರ್ಡ್ ಎಲ್ಲಾ ಕಡೆ ನಡೆಯುತ್ತೆ."

"ಅಲ್ಲೂ ಅರ್ಧ ಯಂತ್ರ ನಿಲ್ಲಿಸಿದ್ದೀರಲ್ಲ ಸ್ವಾಮಿ?"

ಅಧಿಕಾರಿ ನಕ್ಕು ಕಡತದ ಹಾಳೆ ತಿರುವಿದ.

ಆ ರೋಗಿಗಳಲ್ಲಿ ಒಬ್ಬ ಅವಳ ಸ್ವಂತ ಅಣ್ಣ. ಅಪ್ಪ ಸತ್ತ ಮೇಲೆ ಅವಳಿಗೆ ಹೊಲಿಗೆ ಕಲಿಸಿ ಅಂಗಡಿ ಹಾಕಿಕೊಟ್ಟವನು, ಚುನಾವಣೆಗೆ ನಿಂತಾಗ ಊದಿಕೊಂಡ ಕಾಲಲ್ಲೇ ಅವಳಿಗಾಗಿ ಮನೆಮನೆ ಸುತ್ತಿದವನು. ಯಂತ್ರ ನಿಂತರೆ ಅವನ ಉಸಿರೂ ಹೆಚ್ಚು ದಿನ ನಡೆಯುವಂತಿರಲಿಲ್ಲ.

ಉಳಿದ ಸದಸ್ಯರು ಸರಿಸಮವಾಗಿ ಎರಡು ಪಾಲಾದರು. ಉಳಿದದ್ದು ಅವಳೊಬ್ಬಳ ಕೈ. "ಶಾಲೆ ಹೋಯ್ತು ಬಿಡಿ, ಅಣ್ಣನ್ನ ಬಿಟ್ಟುಕೊಡ್ತಾಳಾ ಇವಳು?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕುಹಕವಾಡಿದರು. ಮಾತು ಮುಳ್ಳಿನಂತೆ ಚುಚ್ಚಿತು. ಶಾಲೆಯ ಮಕ್ಕಳು ಅವಳಿಗೆ ನೆನಪಾದದ್ದು ಸುಳ್ಳಲ್ಲ, ಆದರೆ ಅದಕ್ಕೂ ಮೊದಲು ನೆನಪಾದದ್ದು ಊರ ಬಾಯಿ. ಶಾಲೆಯೇ ಉಳಿಯಲಿ ಎಂದು ಕೈ ಎತ್ತಿಬಿಟ್ಟಳು. ಚಪ್ಪಾಳೆ ಬಿತ್ತು. ಅಧಿಕಾರಿ ಎದ್ದು ಬಂದು ಕೈ ಕುಲುಕಿದ.

ಅವಳು ಮನೆ ಸೇರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಸೇರಿತ್ತು. ಅಣ್ಣ ಕಿಟಕಿಯ ಪಕ್ಕ ಕೂತು ಮಂಜುಗಡ್ಡೆಯ ಚೂರೊಂದನ್ನು ಚೀಪುತ್ತಿದ್ದ. ಅವನು ಬೇಕಾದಷ್ಟು ನೀರು ಕುಡಿಯುವಂತಿಲ್ಲ, ಬಾಯಾರಿದರೆ ಇಷ್ಟೇ.

"ಊರೆಲ್ಲ ನಿನ್ನ ಹೊಗಳ್ತಿದೆಯಂತೆ," ಅಂದ.

"ಅಣ್ಣಾ, ಅಷ್ಟೊಂದು ಮಕ್ಕಳು..."

"ಮಕ್ಕಳ ವಿಷಯ ಸರಿ ಪುಟ್ಟಿ. ನನ್ನನ್ನೂ ಒಂದು ಮಾತು ಕೇಳಬಹುದಿತ್ತು."

ಅವಳು ಅವನ ಕಾಲ ಬಳಿ ಕೂತಳು. "ಕೇಳಿದ್ರೂ ನೀನು ಶಾಲೇನೇ ಉಳಿಸು ಅಂತಿದ್ದೆ, ಅಲ್ವಾ ಅಣ್ಣಾ?" ಹೌದು ಅನ್ನಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

ಅಣ್ಣ ಬಾಯಲ್ಲಿದ್ದ ಮಂಜುಗಡ್ಡೆಯನ್ನು ಪೂರ್ತಿ ಕರಗುವವರೆಗೂ ಚೀಪಿದ.

"ಇಲ್ಲ ಕಣೇ," ಅಂದ. "ನನ್ನನ್ನ ಉಳಿಸು ಅಂತಿದ್ದೆ."