ದವಡೆಗೆ ಕೇಳಿದ ಗಡಿಯಾರಗಳು

ಆ ಬೀದಿಯ ಗಡಿಯಾರ ರಿಪೇರಿಯವನಂಥ ಕೆಲಸಗಾರ ಹಿಂದೆ ಹುಟ್ಟಿರಲಿಲ್ಲ. ಮುಂದೆ ಹುಟ್ಟುವ ಧೈರ್ಯವನ್ನೂ ಯಾರೂ ಮಾಡಲಿಕ್ಕಿಲ್ಲ. ಸೊಳ್ಳೆಗೆ ಬೂಟು ತೊಡಿಸು ಎಂದರೆ, ಎಡಗಾಲಿಗೋ ಬಲಗಾಲಿಗೋ ಎಂದು ಕೇಳುವಂಥ ಬೆರಳುಗಳು. ಕಿವಿಗಳು ಮಾತ್ರ ಎರಡೇ ವರ್ಷದಲ್ಲಿ ಪೂರ್ತಿ ಕೈಕೊಟ್ಟಿದ್ದವು. ಪಕ್ಕದಲ್ಲಿ ಗುಡ್ಡ ಉರುಳಿದರೂ ಅವನು ತಲೆ ಎತ್ತುತ್ತಿರಲಿಲ್ಲ.

ಅಂದಿನಿಂದ ಅವನು ಗಿರಾಕಿಗಳಿಗೆ ಬೆನ್ನು ತಿರುಗಿಸಿ, ಗಡಿಯಾರವನ್ನು ದವಡೆಗೆ ಒತ್ತಿ, ಕಣ್ಣು ಮುಚ್ಚಿ ಅದರ ಬಡಿತ ಹಿಡಿಯುತ್ತಿದ್ದ. ಕೂದಲೆಳೆಯಷ್ಟು ತಪ್ಪಿದ್ದರೂ ಸಿಕ್ಕಿಬೀಳುತ್ತಿತ್ತು. ಆದರೂ ಅವನಿಗೆ ನಾಚಿಕೆ. ಟಿಕ್ ಟಿಕ್ ಕೇಳದವನು ಎಂಥ ಗಡಿಯಾರದವನು? ಶನಿವಾರದಿಂದ ಅಂಗಡಿಯ ಬಾಗಿಲು ತೆಗೆಯುವುದಿಲ್ಲ ಎಂದುಬಿಟ್ಟ.

ಅಂಗಡಿಯ ಗಲ್ಲಾದಲ್ಲಿ ಕೂರುವ ತಂಗಿ ಕದ್ದು ಅವನ ವಿಡಿಯೊ ತೆಗೆದು, ಗಡಿಯಾರ ರಿಪೇರಿಯವರ ಆನ್‌ಲೈನ್ ಗುಂಪಿಗೆ ಹಾಕಿದಳು.

"ನನ್ನ ಮಾನ ಕಳೆದ್ಯಲ್ಲೇ! ಎಲ್ರೂ ನಗ್ತಾರೆ."

ಅವಳು ಎದುರು ನಿಂತು, ತುಟಿ ಕಾಣುವ ಹಾಗೆ ಬಿಡಿಸಿ ಹೇಳಿದಳು: "ನಗ್ಲಿ ಬಿಡಣ್ಣ, ನಿಂಗೆ ಹೇಗೂ ಕೇಳ್ಸಲ್ಲ!"

ನಕ್ಕರು ಕೂಡ. "ಗಡಿಯಾರಕ್ಕೆ ಮುತ್ತು ಕೊಡ್ತಿದ್ದಾನಾ?" ಎಂದು ಒಬ್ಬ ಬರೆದ. ಅದರ ಕೆಳಗೇ ದೂರದೇಶದ ಹೆಂಗಸೊಬ್ಬಳು ಬರೆದಳು: "ನಂಗೂ ಕಿವಿ ಕೇಳಲ್ಲ. ನಾನು ಹಲ್ಲಲ್ಲಿ ಕಚ್ಚಿ ನೋಡ್ತೀನಿ. ಹೀಗೆ ಮಾಡೋಳು ನಾನೊಬ್ಳೇ ಅಂದ್ಕೊಂಡಿದ್ದೆ." ಆಮೇಲೆ ಹಣೆಗೆ ಒತ್ತುವವನೊಬ್ಬ ಬಂದ, ಮೊಣಕೈಗೆ ಒತ್ತುವವನೊಬ್ಬ. ಶುಕ್ರವಾರದ ಹೊತ್ತಿಗೆ ಕಿವಿ ಕೇಳದ ಮೂವತ್ತೊಂದು ಜನ. ಮೂರು ಸಾವಿರ ಎನ್ನಬಹುದಿತ್ತು. ಆದರೆ ಇಲ್ಲಿ ನಿಜವೇ ಬೇಕಾದಷ್ಟು ದೊಡ್ಡದಿತ್ತು.

ಅಂದು ಮಧ್ಯಾಹ್ನ ಎಲ್ಲರೂ ವಿಡಿಯೊದಲ್ಲಿ ಸೇರಿದರು. ಮಾತೆಲ್ಲ ಬರಹದಲ್ಲೇ. ತನಗಾದರೂ ಏನಾದರೂ ಕೇಳಲಿ ಎಂದು ತಂಗಿ ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಮೇಜಿನ ಮೇಲಿಟ್ಟಳು. ಮೈಕ್ ಆಫ್ ಮಾಡಬೇಕೆಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಹೊಳೆಯುವುದಾದರೂ ಹೇಗೆ? ಮೂವತ್ತೊಂದು ಅಂಗಡಿಗಳ ಗಡಿಯಾರಗಳೆಲ್ಲ ಒಮ್ಮೆಲೇ ಇವರ ಅಂಗಡಿಯೊಳಗೆ ನುಗ್ಗಿದವು.

"ಅಯ್ಯಯ್ಯೋ, ಮೈಕ್ ಆಫ್ ಮಾಡ್ರಪ್ಪೋ!" ಎಂದು ತಂಗಿ ಕಿವಿ ಮುಚ್ಚಿಕೊಂಡು ಬೀದಿಗೆ ಓಡಿದಳು. ಯಾರಿಗೆ ಕೇಳಬೇಕು?

ಅವನ ಲೋಟದಲ್ಲಿ ಚಹಾ ನಡುಗುತ್ತಿತ್ತು. ಮೆಲ್ಲನೆ ಬಾಗಿ ಮೇಜಿಗೆ ದವಡೆ ಇಟ್ಟ. ಬಿರುಸಾಗಿ ಓಡುವ ಕೈಗಡಿಯಾರಗಳು, ಅವುಗಳ ನಡುವೆ ಅಜ್ಜನಂತೆ ಹೆಜ್ಜೆ ಹಾಕುವ ಲೋಲಕಗಳು. ಒಂದು ಕಡೆ ಬೆಳಗು, ಇನ್ನೊಂದು ಕಡೆ ಸಂಜೆ. ಇಡೀ ಭೂಮಿಯ ಹೊತ್ತು ಅವನ ಮೂಳೆಯೊಳಗೆ ಹರಿಯುತ್ತಿತ್ತು. ಕಿವಿ ಚೆನ್ನಾಗಿದ್ದ ಕಾಲದಲ್ಲೂ ಅವನು ಇಷ್ಟನ್ನು ಕೇಳಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿ ಬರೆದ: "ಯಾರದೋ ಗೋಡೆ ಗಡಿಯಾರ ಕುಂಟ್ತಾ ಇದೆ."

ಹಲ್ಲಲ್ಲಿ ಕಚ್ಚುವವಳು ಎರಡೂ ಕೈ ಎತ್ತಿದಳು. "ನಂದೇ! ಎರಡು ವಾರದಿಂದ ಒದ್ದಾಡ್ತಿದ್ದೀನಿ. ನಾಳೆ ಒಟ್ಟಿಗೆ ಬಿಚ್ಚಿ ನೋಡೋಣ್ವಾ?"

ನಾಳೆ ಶನಿವಾರ. ಅವನು ಕಣ್ಣೊರೆಸಿಕೊಂಡು ಬರೆದ:

"ಒಂಬತ್ತಕ್ಕೆ ಅಂಗಡಿ ತೆಗೀತೀನಿ. ಬನ್ನಿ."