ಬೋರಲು ಇಟ್ಟ ಬಿಲ್ಲೆಗಳು

ಸೈನಿಕರನ್ನು ಹಡಗಿಗೆ ಹತ್ತಿಸುವುದೋ ಬೇಡವೋ? ಇರುವ ಎಣ್ಣೆಯಲ್ಲಿ ಸಾಗಣೆ ಹಡಗುಗಳಷ್ಟೇ ಆಚೆ ದಡ ಮುಟ್ಟಬಹುದು. ಕಾವಲಿಗೆ ಹೋಗಬೇಕಾದ ಯುದ್ಧನೌಕೆಗಳು ಬಂದರಿನಲ್ಲೇ ಉಳಿಯಬೇಕು. ಹಾಗೆ ಕಳಿಸುವುದೆಂದರೆ ಗೊತ್ತಿದ್ದೂ ಸಾವಿನ ಬಾಯಿಗೆ ದೂಡಿದಂತೆ. ಉಗ್ರಾಣಿ ರಟ್ಟಿನ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತ.

ನಕಾಶೆ ಹಾಸಿ ಆಡುವ ಈ ಯುದ್ಧದಾಟದಲ್ಲಿ ಎಣ್ಣೆ, ದವಸ, ಮದ್ದುಗುಂಡು, ಹಡಗು ಎಲ್ಲವೂ ಅವನ ಪಾಲು, ಅದಕ್ಕೇ ಆ ಅಡ್ಡಹೆಸರು. ಯುದ್ಧ ಮಾತ್ರ ಅಣ್ಣನದು. ಎದುರಾಳಿ ಗಡಿಯಾರ ರಿಪೇರಿಯವನು. ಅವನ ಅಂಗಡಿಯ ಮಹಡಿಯಲ್ಲಿ, ಕೆಟ್ಟು ನಿಂತ ಗಡಿಯಾರಗಳ ನಡುವೆ ಭಾನುವಾರದ ಆಟ. ಹಡಗಿನ ಕೆಳಗೆ ಸರಕಿನ ಬಿಲ್ಲೆಯನ್ನು ಬೋರಲು ಇಡುವುದು ಅಲ್ಲಿನ ಕಟ್ಟಳೆ. ಹಡಗು ಮುಳುಗಿದರೆ ಬಿಲ್ಲೆ ಹಾಗೇ ಡಬ್ಬಿಗೆ ಬೀಳುತ್ತದೆ. ಆಟ ಮುಗಿಯುವವರೆಗೆ ಯಾರೂ ಮಗುಚಿ ನೋಡುವಂತಿಲ್ಲ.

"ಮದುವೆ ದಿಬ್ಬಣ ಹೊರಡಿಸ್ತಾ ಇದೀಯೇನೋ?" ಅಂದ ಅಣ್ಣ. "ಹತ್ತಿಸು."

ಮದುಮಗಳ ಅಲಂಕಾರ ಇನ್ನೂ ಮುಗಿದಿಲ್ಲವೇನೋ ಎಂದು ಗಡಿಯಾರದವನು ಒಗ್ಗರಣೆ ಹಾಕಿದ.

ಅಣ್ಣ ನಿಜವಾದ ಸೈನ್ಯದಲ್ಲಿದ್ದವನು. ಕಾವಲಿಲ್ಲದ ಹಡಗಿನಲ್ಲಿ ತನ್ನ ತುಕಡಿಯೊಂದಿಗೆ ಕಡಲಿಗಿಳಿದು, ಒಬ್ಬನೇ ತೇಲಿ ಬಂದವನು. ಹೊರಡಿ ಎಂದು ಅಪ್ಪಣೆ ಕೊಟ್ಟದ್ದೂ ಅವನೇ. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಆಟದಲ್ಲಾದರೂ ಒಮ್ಮೆ ಅವರನ್ನು ದಡ ಸೇರಿಸಬೇಕೆಂಬ ಹಟ ಅವನದೆಂದು ಉಗ್ರಾಣಿ ಬಲ್ಲ.

ಮುಂದಿನ ಸರದಿಗೆ ಎಣ್ಣೆ ಬರುತ್ತದೆ, ಆಗ ಕಾವಲಿಟ್ಟು ದಾಟಿಸಿದರಾಯಿತು. ಅವನು ಸೈನಿಕರ ಬಿಲ್ಲೆಗಳನ್ನು ಬಂದರಿನ ಬಿಲ್ಲೆಗಳ ರಾಶಿಯಡಿ ತಳ್ಳಿ, ಹಡಗುಗಳ ಕೆಳಗೆ ನೀರಿನ ಪೀಪಾಯಿಯ ಬಿಲ್ಲೆಗಳನ್ನು ಬೋರಲು ಇಟ್ಟ. ಅಣ್ಣ ಗಮನಿಸಲಿಲ್ಲ.

ನಡುಗಡಲಲ್ಲಿ ಗಡಿಯಾರದವನ ಜಲಾಂತರ್ಗಾಮಿ ಹೊಂಚು ಹಾಕಿತ್ತು. ದಾಳ ಉರುಳಿತು. ಒಂದರ ಹಿಂದೊಂದು ಎಲ್ಲ ಹಡಗುಗಳೂ ಹೋದವು. ಮೀನುಗಳಿಗೆ ಹಬ್ಬದೂಟ ಎಂದು ನಗುತ್ತ ಅವನು ಬಿಲ್ಲೆಗಳನ್ನು ಡಬ್ಬಿಗೆ ಸುರಿದ.

ಅಣ್ಣ ಮಾತಾಡತೊಡಗಿದ, ಯಾರೊಡನೆಯೂ ಅಲ್ಲ, ನಕಾಶೆಯೊಡನೆ. ಕೆಳ ಅಂತಸ್ತಿನ ಬಾಗಿಲು ಬಿಗಿದುಕೊಳ್ಳುತ್ತದಂತೆ. ಎಣ್ಣೆ ಹೊತ್ತಿಕೊಂಡ ನೀರಿನಲ್ಲಿ ಮುಖಗಳು ಬೇಯುತ್ತವಂತೆ. ಏಣಿ ಹಿಡಿದವನ ಅಂಗೈ ಚರ್ಮ ಏಣಿಗೇ ಅಂಟಿ ಉಳಿಯುತ್ತದಂತೆ. ಹೇಳುತ್ತ ಹೇಳುತ್ತಲೇ ತಮ್ಮನ ಕತ್ತು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಮೂಗು ಮುರಿದ ಸದ್ದು ಮೂವರಿಗೂ ಕೇಳಿಸಿತು. ಬಿಡಿಸಲು ಬಂದ ಗಡಿಯಾರದವನು ಮೊಣಕೈ ತಿವಿತಕ್ಕೆ ಗೋಡೆಗೆ ಬಿದ್ದ. ಗಡಿಯಾರಗಳು ಮೈಮೇಲೆ ಉದುರಿ ಗಾಜು ಅವನ ಹಣೆ ಸೀಳಿತು. ಅಣ್ಣ ತಮ್ಮನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮಂಡಿಯೂರಿ ಗುದ್ದಿದ. ಬಾಯಲ್ಲಿ ಹಲ್ಲೊಂದು ಸಡಿಲಾಯಿತು.

"ನೀನು ಮುಳುಗಿಸಿದ್ದು," ಎನ್ನುತ್ತಿದ್ದ ಅಣ್ಣ, ಅಳುತ್ತ. "ನೀನು ಕಣೋ, ನಾನಲ್ಲ. ನಾನಲ್ಲ."

ಇಷ್ಟು ವರ್ಷ ಅವನ ಬಾಯಿಂದ ಹೊರಬೀಳದಿದ್ದ ಮಾತು ಅದು. ಉಗ್ರಾಣಿ ಮುಖಕ್ಕೆ ಅಡ್ಡ ಹಿಡಿದಿದ್ದ ಕೈಗಳನ್ನು ಇಳಿಸಿದ. ಇನ್ನೆರಡು ಪೆಟ್ಟು ಬಿದ್ದವು.

ತೋಳು ಸೋತ ಮೇಲೆ ಅಣ್ಣ ತನ್ನ ಅಂಗಿಯ ಚುಂಗಿನಿಂದಲೇ ತಮ್ಮನ ರಕ್ತ ಒರೆಸಿದ. ತುಂಬಾ ನೋಯುತ್ತಾ ಎಂದು ಕೇಳಿದ. ಉಗ್ರಾಣಿ ಇಲ್ಲವೆಂದು ತಲೆಯಾಡಿಸಿ, ಎದ್ದು, ಯಾರೂ ಮುಟ್ಟುವ ಮೊದಲೇ ಬಂದರಿನ ರಾಶಿಯನ್ನೂ ಡಬ್ಬಿಯ ಬಿಲ್ಲೆಗಳನ್ನೂ ಬಾಚಿ ಒಂದೇ ಪೆಟ್ಟಿಗೆಗೆ ಹಾಕಿದ.

ಸೈನಿಕರು ಹಡಗು ಹತ್ತಿರಲೇ ಇಲ್ಲವೆಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.