ಕೂಸಿನ ಬೆನ್ನು

ನಾನೂ ಸೊಸೆ ವಿನುತಾಳೂ ಜಗಲಿಯಲ್ಲಿ ಕೂತು ನಾಟಿಗೆ ಶುಂಠಿ ಬೀಜ ತುಂಡು ಮಾಡುತ್ತಿದ್ದೆವು. ಅವಳಿಗೆ ಆಗ ಐದು ತಿಂಗಳು. ನನ್ನ ಮಗ ಪ್ರಸಾದ್ ಶನಿವಾರಸಂತೆಯಿಂದ ಕುಡಿದೇ ಬಂದಿದ್ದ. ಒಳಗೆ ಹೋಗಿ ತಾನು ಬಚ್ಚಿಟ್ಟ ಬಾಟ್ಲಿ ಹುಡುಕಿ, ಕಾಣದೆ ಹೊರಗೆ ಬಂದ.

"ಯಾರೇ ಚೆಲ್ಲಿದ್ದು?"

"ನಾನೇ," ಅಂದಳು ವಿನುತಾ, ತಲೆಯನ್ನೂ ಎತ್ತದೆ.

ಅಷ್ಟೇ ಮಾತು. ಅವಳ ಕೈಯ ಚಾಕು ಕಿತ್ತುಕೊಂಡು ಹೊಟ್ಟೆಗೆ ಹಾಕಿದ. ಎಳೆದುಕೊಂಡು ಮತ್ತೆ ಎತ್ತುವಾಗ ನಾನು ಅವನ ಮೊಣಕೈಗೆ ಹಲ್ಲು ಹಾಕಿ ನೇತುಬಿದ್ದೆ. ಒದ್ದ. ಬಿಡಲಿಲ್ಲ. ಹೆತ್ತ ಮಗನ ರಕ್ತ ನನ್ನ ಬಾಯಲ್ಲಿ, ಸೊಸೆಯ ರಕ್ತ ಶುಂಠಿಯ ಮೇಲೆ. ಚಾಕು ಬಿತ್ತು, ಅವನು ತೋಟದ ಕಡೆ ಓಡಿದ. ಪಕ್ಕದ ಮನೆಯ ಜೀಪಿನಲ್ಲಿ ಅವಳನ್ನು ಹಾಸನಕ್ಕೆ ಹಾಕಿಕೊಂಡು ಹೋದೆವು. ಆಲೂರು ದಾಟುವಷ್ಟರಲ್ಲಿ ನನ್ನ ಮಡಿಲಿನ ಸೀರೆ ಒದ್ದೆಯಾಗಿ ಕಾಲಿಗೆ ಅಂಟಿತ್ತು.

ಹೊಟ್ಟೆ ಕೊಯ್ದು ಹೊಲಿದ ಡಾಕ್ಟರಮ್ಮ ಹೊರಗೆ ಬಂದು, "ಚಾಕು ಗರ್ಭಚೀಲ ದಾಟಿದೆ ಅಮ್ಮ. ಮಗುವಿನ ಬೆನ್ನಿನ ಚರ್ಮ ಸೀಳಿದೆ, ನಾನೇ ಕಂಡೆ. ಅದಕ್ಕೆ ಹೊಲಿಗೆ ಹಾಕಕ್ಕೆ ಆಗಲ್ಲ. ಚೀಲ ಮುಚ್ಚಿದ್ದೀನಿ. ನಿಂತರೆ ಪುಣ್ಯ," ಅಂದರು.

ಕೂಸು ನಿಂತಿತು. ವಿನುತಾಳ ಗಾಯ ಮಾತ್ರ ಬೇಗ ಮಾಯಲಿಲ್ಲ. ಊದಿತು, ಕೆಂಡದಂತೆ ಕಾಯಿತು, ಕೀವು ತುಂಬಿತು. ಎರಡು ಸಲ ಬಿಚ್ಚಿ ತೊಳೆದರು. ಒಣಗಿದ ಮೇಲೆ ನೋಡಿದರೆ ಹೊಕ್ಕುಳ ಪಕ್ಕದಲ್ಲಿ ಹುರಿಯ ಹಾಗೆ ಎದ್ದು ನಿಂತಿತ್ತು ಕಲೆ.

ಪ್ರಸಾದ್ ಜಾಮೀನಿನ ಮೇಲೆ ಬಂದು ಅವನ ದೊಡ್ಡಪ್ಪ ಕಲ್ಲೇಶಪ್ಪನವರ ಮನೆ ಸೇರಿಕೊಂಡ. ನಮ್ಮ ಕಡೆ ನ್ಯಾಯ ಹೇಳುವವರು ಅವರೇ. ಒಂದು ದಿನ ನಮ್ಮ ಜಗಲಿಗೆ ಬಂದು ಕೂತರು.

"ನೋಡಮ್ಮ ವಿನುತಾ, ಗಂಡ ಹೊಡ್ದ, ಹೆಂಡ್ತಿಗೆ ಬಿತ್ತು, ಅದು ಮನೆ ಜಗಳ. ಕೋರ್ಟಲ್ಲಿ 'ನಾನೇ ಜಾರಿ ಚಾಕು ಮೇಲೆ ಬಿದ್ದೆ' ಅಂದ್ಬಿಡು, ಅವನ ಕೂಡೆ ಬಾಳು."

"ನನ್ ಕೂಸಿಗೂ ಬಿದ್ದದೆ, ದೊಡ್ಡಮಾವ."

"ಅದೇನಾದ್ರೂ ನಿಜ ಆದ್ರೆ ಅವ್ನು ವಂಶಕ್ಕೇ ಕತ್ತಿ ಹಾಕ್ದಂಗೆ. ನಾನೇ ಸಾಕ್ಷಿ ಕಟ್ಟೆ ಹತ್ತಿ ಒಳಗೆ ಹಾಕಿಸ್ತೀನಿ. ಗುರುತು ಇಲ್ದಿದ್ರೆ?"

"ಇಲ್ದಿದ್ರೆ ನೀವು ಹೇಳ್ದಂಗೆ ಕೇಳ್ತೀನಿ. ಎರೆಯೋ ದಿನ ಬಂದು ಬೆನ್ನು ನೋಡಿ," ಅಂದಳು ವಿನುತಾ.

ಬಾಣಂತನದಲ್ಲಿ ಅಜ್ಜಿ ಕಾಲು ಚಾಚಿ ಮೊಮ್ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ಹಚ್ಚಿ ಎರೆಯುವಾಗ ನೆಂಟರು ಬಂದು ಮಚ್ಚೆ, ಸುಳಿ ನೋಡುವುದು ನಮ್ಮಲ್ಲಿ ಮೊದಲಿನಿಂದ ಇದೆ. ಆ ನೋಟವನ್ನು ಯಾರೂ ತಳ್ಳಿಹಾಕುವುದಿಲ್ಲ. ಡಾಕ್ಟರಮ್ಮ ಕಣ್ಣಾರೆ ಕಂಡ ಗಾಯ, ಕಲೆ ಎಲ್ಲಿಗೆ ಹೋದೀತು ಅಂತ ನನಗೂ ಧೈರ್ಯ.

ಮತ್ತೆ ಹೊಟ್ಟೆ ಕೊಯ್ದೇ ಹೆಣ್ಣು ಕೂಸನ್ನು ತೆಗೆದರು. ವಿನುತಾ ಅದನ್ನು ಮಗುಚಿ ನೋಡಿ ಕಿರುಚಿದಳು. ಬೆನ್ನು ಬಾಳೆಯ ಸುಳಿಯೆಲೆಯ ಹಾಗೆ ನುಣ್ಣಗಿತ್ತು.

ಡಾಕ್ಟರಮ್ಮ ಕೂತು ಬಿಡಿಸಿ ಹೇಳಿದರು. "ನಿಮಗೂ ನನಗೂ ಗಾಯ ಆದ್ರೆ ಕೆಂಪಾಗಿ, ಊದಿ, ಬಿಸಿಯಾಗಿ ಆಮೇಲೆ ಮಾಯುತ್ತೆ. ಆ ಊತದ ಅವಸರದಲ್ಲಿ ಚರ್ಮ ಒರಟಾಗಿ ಕೂಡಿಕೊಳ್ಳುತ್ತೆ, ಅದೇ ಕಲೆ. ಐದು ತಿಂಗಳ ಭ್ರೂಣದ ಚರ್ಮಕ್ಕೆ ಹಾಗೆ ಊದೋದು ಇನ್ನೂ ಬಂದಿರಲ್ಲ. ಮೊದಲು ಹೇಗಿತ್ತೋ ಹಾಗೇ ಹೆಣೆದುಕೊಳ್ಳುತ್ತೆ. ಇನ್ನೆರಡು ತಿಂಗಳು ಬಿಟ್ಟು ಬಿದ್ದಿದ್ರೆ ಕಲೆ ಉಳೀತಿತ್ತು."

"ಆಗ್ಲೇ ಯಾಕೆ ಹೇಳ್ಲಿಲ್ಲ?" ಅಂತ ವಿನುತಾ ಕೇಳಿದಳು.

"ನೀವು ಕೇಳಲಿಲ್ವಲ್ಲಮ್ಮ. ಕೋರ್ಟಿಗೆ ಕರೆದರೆ ಬಂದು ಹೇಳ್ತೀನಿ."

ಕೋರ್ಟು ದೂರ, ಎರೆಯುವ ದಿನ ಹತ್ತಿರ. ಬೇಡ ಅನ್ನೋಣ ಅಂದೆ. "ಮಾತು ಕೊಟ್ಟಿದ್ದೀನಿ ಅತ್ತೆ. ಬಚ್ಚಿಟ್ರೆ ಸುಳ್ಳಿ ಅಂತಾರೆ. ನೀವೇ ಬಿಡಿಸಿ ಹೇಳಿ," ಅಂದಳು.

ಹಿತ್ತಲ ಬಚ್ಚಲಲ್ಲಿ ಹಂಡೆ ನೀರು ಕುದಿಯುತ್ತಿತ್ತು. ಕಲ್ಲೇಶಪ್ಪನವರೂ ಅವರ ಹೆಂಡತಿ ರಾಮಮ್ಮನೂ ಮಣೆ ಹಾಕಿಕೊಂಡು ಕೂತರು. ನಾನು ಕಾಲು ಚಾಚಿ ಕೂಸನ್ನು ಬೋರಲು ಹಾಕಿಕೊಂಡೆ. ರಾಮಮ್ಮ ಕತ್ತಿನಿಂದ ಕುಂಡಿಯವರೆಗೆ ಬೆರಳಾಡಿಸಿ, "ಏನೂ ಇಲ್ಲ. ಸೊಳ್ಳೆ ಕಚ್ಚಿದ್ ಗುರುತೂ ಇಲ್ಲ," ಅಂದಳು.

ನಾನು ಡಾಕ್ಟರಮ್ಮನ ಮಾತು ಹೇಳಿದೆ. ಕಲ್ಲೇಶಪ್ಪನವರು ನಕ್ಕರು. "ಗಾಯ ಆಯ್ತಂತೆ, ಕಲೆ ಬೀಳ್ಳಿಲ್ವಂತೆ! ಮಹಾದೇವಮ್ಮ, ಎಪ್ಪತ್ತು ದಾಟ್ದೋಳು ನೀನು, ಯಾರಿಗ್ ಹೇಳ್ತೀಯ ಈ ಕತೆ? ಮುಗೀತು. ಪ್ರಸಾದ, ಬಾರೋ ಒಳಕ್ಕೆ."

ಅವನನ್ನು ಬೇಲಿಯಾಚೆ ನಿಲ್ಲಿಸಿಕೊಂಡೇ ಬಂದಿದ್ದರು. ಬಂದವನು ಕೂಸಿನ ಒಂದು ಕಾಲು ಹಿಡಿದು ಮೊಲ ಎತ್ತಿದಂತೆ ತಲೆಕೆಳಗಾಗಿ ಎತ್ತಿದ. "ಎಲ್ಲೇ? ಎಲ್ಲೇ ನನ್ ಚಾಕು ಗುರುತು?" ಕೂಸು ಉಸಿರು ಕಟ್ಟಿ ನೀಲಿಗಟ್ಟಿತು. ವಿನುತಾ ಹಾರಿ ಬಂದು ಕಿತ್ತುಕೊಂಡಳು. ಅವನು ಅವಳ ಜಡೆ ಮುಂಗೈಗೆ ಸುತ್ತಿಕೊಂಡು, ಬಾಣಂತಿ ಅಂತಲೂ ನೋಡದೆ ಹೊಟ್ಟೆಗೆ ಮೊಣಕಾಲು ಹಾಕಿದ. ಹೊಸ ಹೊಲಿಗೆ ಬಿಟ್ಟು ಸೀರೆಯ ಮೇಲೆ ಕೆಂಪು ಹರಡಿತು.

"ನಡಿಯೇ ಜೀಪಿಗೆ. ದೊಡ್ಡಪ್ಪನೇ ಹೇಳವ್ರೆ."

"ಬಾವ, ಬಿಡಿಸಿ!" ಅಂತ ನಾನು ಕೂಗಿದೆ.

ಕಲ್ಲೇಶಪ್ಪನವರು ಎಲೆಯಡಿಕೆಯ ಉಗುಳು ನುಂಗಿಕೊಂಡು, "ಕೊಟ್ಟ ಮಾತಲ್ವೇನಮ್ಮ," ಅಂದರು. ಎದ್ದೇಳಲಿಲ್ಲ.

ನಾನು ಎದ್ದೆ. ಹಂಡೆಯಿಂದ ತೋಡುಚೊಂಬಿನ ತುಂಬ ಕುದಿಯುವ ನೀರು ತೆಗೆದುಕೊಂಡು, ಕೂಸಿಗೆ ಸಿಡಿಯದ ಹಾಗೆ ಅವನ ಬೆನ್ನ ಹಿಂದಕ್ಕೆ ಹೋಗಿ, ಕತ್ತಿನ ಮೇಲೆ ಸುರಿದೆ. ಅವನು ಜಡೆ ಬಿಟ್ಟ. ತಿರುಗಿದ. ಇನ್ನೊಂದು ಚೊಂಬು ಎದೆಗೆ ಬಿತ್ತು. ಅವನ ಕೂಗಿಗೆ ಬೇಲಿಯ ಕೋಳಿಗಳು ಚದುರಿದವು. ಅಂಗಿ ಕಿತ್ತುಕೊಳ್ಳಲು ಹೋದರೆ ಅದರ ಜೊತೆಗೇ ತೊಗಲು ಬಂತು. ರಾಮಮ್ಮ ಮುಖ ಮುಚ್ಚಿಕೊಂಡಳು. ಕಲ್ಲೇಶಪ್ಪನವರು ಮಣೆ ಎಡವಿ ಬಿದ್ದು, ಎದ್ದು, "ಹೆತ್ತೋಳೇನೇ ನೀನು!" ಅಂದರು.

ಪ್ರಸಾದ್ ಕಲ್ಲಿನ ಮೇಲೆ ಉರುಳಾಡುತ್ತಾ, "ಅವ್ವಾ, ನೀರು... ತಣ್ಣೀರು ಹಾಕವ್ವಾ," ಅನ್ನುತ್ತಿದ್ದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಕರೆಯುತ್ತಿದ್ದ ದನಿಯೇ. ತೊಟ್ಟಿಯ ನೀರು ನನ್ನ ಕೈಗೆ ಸಿಗುವಷ್ಟು ಹತ್ತಿರವಿತ್ತು.

"ವಿನುತಾ, ಕೂಸು ಎತ್ಕೊಂಡು ಒಳಕ್ಕೆ ಹೋಗು. ಅಗುಳಿ ಹಾಕು. ಪೊಲೀಸರಿಗೂ ಆಸ್ಪತ್ರೆಗೂ ಫೋನ್ ಮಾಡು. ನಾನು ಕರೆದ್ರೂ ತೆಗೀಬೇಡ," ಅಂದೆ.

ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿದ ಮೇಲೆ ತಣ್ಣೀರಿನ ಚೊಂಬು ಎತ್ತಿದೆ.